ಬಾಲದ ಸೈಕಲ್ಲು

ನನ್ನ ಕೆಲಸ ಕೊನೆಗಿರುವುದು.
ಹನ್ನೆರಡು ಜನರ ಬೆನ್ನು ನೋಡುತ್ತ ಮೂರು ದಿನ
ತುಮಕೂರಿನಿಂದ ತಿರುಮಣಿವರೆಗೆ.
ಟೈರು ಒತ್ತಿ, ಬ್ರೇಕು ಹಿಡಿದು, ಚೈನಿಗೆ ಎಣ್ಣೆ ಬಿಟ್ಟು
ಎಲ್ಲರನ್ನೂ ಮುಂದೆ ಕಳಿಸಿಯಾದ ಮೇಲೆ
ಹೊರಡುವವನು ನಾನು.
ಮುಂದಾಳು ಯಶೋಧರಾ ಮೇಡಂ
ವಾಕಿಟಾಕಿಯಲ್ಲಿ ನನ್ನ ಹೆಸರು ಹಿಡಿಯುವುದಿಲ್ಲ:
"ಬಾಲ, ಬಾಲ, ಎಲ್ಲಿದ್ದೀಯ?"
ರೇಷನ್ ಕಾರ್ಡಿನಲ್ಲಿ ರಂಗಧಾಮಯ್ಯ ಅಂತಿದೆ.
ಇರಲಿ.

ದೇವರಾಯನದುರ್ಗದ ಏರು ಮುಗಿಯುವಷ್ಟರಲ್ಲಿ
ಹನ್ನೆರಡು ಬೆನ್ನೂ ಬಾಯಿಪಾಠ.
ಹಲ್ಲಿನ ಡಾಕ್ಟರು ಮುಂದೆ, ಅವರ ಹೆಂಡತಿ ಹಿಂದೆ,
ನಡುವೆ ಒಂದು ತೆಂಗಿನ ಮರದ ನೆರಳಿನಷ್ಟು ದೂರ,
ಇಳಿಜಾರಿನಲ್ಲೂ ಅಷ್ಟೇ, ಏರಿನಲ್ಲೂ ಅಷ್ಟೇ.
ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಸಾಹುಕಾರರಿಗೆ
"ಗೇರು ಇಳಿಸಿ ಸಾರ್" ಅಂದರೆ ಅವಮಾನ;
ಹಲ್ಲು ಕಚ್ಚಿ ತುಳಿಯುತ್ತಾರೆ,
ಸೈಕಲ್ಲಿನ ಮೇಲೆ ಯಾವುದೋ ಹಳೆಯ ಸಿಟ್ಟು.

ಕೊರಟಗೆರೆ ದಾಟಿ ಜಯಮಂಗಲಿ ಸೇತುವೆ.
ಕೆಳಗೆ ಬರೀ ಮರಳು, ಎರಡು ಎಮ್ಮೆ.
"ನದಿ ಎಲ್ಲಿ?" ಅಂದ ಹುಡುಗನೊಬ್ಬ.
"ಕೆಳಗೆ ಮಲಗಿದೆ," ಅಂದೆ.

ಮಧುಗಿರಿಯ ಬೆಟ್ಟ ಇಡೀ ಒಂದು ಮಧ್ಯಾಹ್ನ
ಎಷ್ಟು ತುಳಿದರೂ ಅಷ್ಟೇ ದೂರದಲ್ಲಿ ಕೂತಿತ್ತು,
ಬಾಕಿ ವಸೂಲಿಗೆ ಬಂದವರ ಹಾಗೆ.
ಅಲ್ಲೇ ವಿಮಲಾಕ್ಷಮ್ಮ ಸೈಕಲ್ಲಿಳಿದರು.
ಅರವತ್ತೊಂದು ವಯಸ್ಸು, ಸಹಕಾರಿ ಬ್ಯಾಂಕಿನ ಮಾಜಿ ಕ್ಯಾಷಿಯರು.
"ನೀನು ಹೋಗಪ್ಪ."
"ಹೋಗೋ ಹಾಗಿಲ್ಲಮ್ಮ. ನಿಮ್ಮ ಹಿಂದೆ ನಾನೊಬ್ಬನೇ ಇರಬೇಕು."
ಅವರು ಒಂದು ಕ್ಷಣ ನೋಡಿ
ಮತ್ತೆ ಹತ್ತಿ, ತುಟಿ ಅಲ್ಲಾಡಿಸುತ್ತ ತುಳಿದರು.
ಮಂತ್ರ ಅಂದುಕೊಂಡೆ. ಹತ್ತಿರ ಹೋದರೆ
ತೊಂಬತ್ತೆಂಟು, ತೊಂಬತ್ತೊಂಬತ್ತು, "ಒಂದು ಕಟ್ಟು!"
ಮೂವತ್ತನಾಲ್ಕು ವರ್ಷ ಊರವರ ದುಡ್ಡು ಎಣಿಸಿದ ಹೆಂಗಸು
ತನ್ನ ಪೆಡಲುಗಳನ್ನು ನೂರುನೂರರ ಕಟ್ಟು ಮಾಡುತ್ತಿದ್ದರು.

ರಾತ್ರಿ ಮಿಡಿಗೇಶಿ ಶಾಲೆಯ ಜಗಲಿ. ಮುದ್ದೆ, ಹುರುಳಿ ಸಾರು.
ಬಂಡೆಗಳು ಕತ್ತಲಲ್ಲೂ ಬಿಸಿಯುಸಿರು ಬಿಡುತ್ತಿದ್ದವು.
ನೂರ ಎಂಬತ್ತೇಳು ಕಟ್ಟು, ಅಂದರು ಅವರು,
ಒಂದು ಖೋಟಾ ಇಲ್ಲ.

ಮೂರನೆಯ ದಿನ ಪಾವಗಡದಾಚೆ
ಮರ ಮುಗಿದವು. ಜಾಲಿಯೂ ಮುಗಿಯಿತು.
"ಅಗೋ ಕೆರೆ!" ಸಾಹುಕಾರರು ಕೂಗಿದರು.
ಕೆರೆಯಲ್ಲ, ಸೋಲಾರು ಹಲಗೆಗಳು,
ಕಣ್ಣು ಸೋಲುವ ತನಕ ನೀಲಿ,
ಬಿಸಿಲನ್ನು ಗಟಗಟ ಕುಡಿಯುತ್ತ.
ಮರಳಿಲ್ಲದ ಮರಳುಗಾಡು.
ಗಾಳಿ ಎದೆಗೇ ಕೈ ಕೊಟ್ಟು ತಳ್ಳುತ್ತಿತ್ತು.
ಹನ್ನೊಂದು ಬೆನ್ನು ಸಣ್ಣಗಾಗುತ್ತ ಚುಕ್ಕಿಯಾದವು.
ವಿಮಲಾಕ್ಷಮ್ಮನ ಎಣಿಕೆ ನಲವತ್ತಕ್ಕೆ ನಿಂತಿತು.
ಕೈ ನಡುಗುತ್ತಿತ್ತು.

ಬೇಲಿಯ ತೂತಿನಲ್ಲಿ ನುಗ್ಗಿದ ಕುರಿಗಳು
ಹಲಗೆಯಡಿಯ ನೆರಳನ್ನೆಲ್ಲ ಹಂಚಿಕೊಂಡಿದ್ದವು.
ಬೇಲಿಯಾಚೆ, ಕೋಲಿಗೆ ಗದ್ದ ಊರಿ ಈರದಿಮ್ಮಣ್ಣ.
"ಎಂತಮಂದಿ?" ಅಂದ ತೆಲುಗಿನಲ್ಲಿ.
ಹನ್ನೆರಡು, ಅಂದೆ.
"ಹನ್ನೊಂದು ಹೋದವು. ಇದು ಹನ್ನೆರಡು."
ನಮ್ಮನ್ನೂ ಎಣಿಸಿದ್ದ, ಅಭ್ಯಾಸಬಲ.
ಹಿಂದಿನಿಂದ ಎಣಿಸುವವನು ಅವನೂ.
ಮೇಲಿಂದ ಕೆಳಗೆ ನನ್ನನ್ನು ನೋಡಿ,
"ಮತ್ತೆ ನೀನು?"

ಏನು ಹೇಳಬೇಕೋ ತಿಳಿಯಲಿಲ್ಲ.
ನಾಲ್ಕು ವರ್ಷದಿಂದ ದಿನಾ ಎಣಿಸಿದ್ದೇನೆ,
ನನ್ನನ್ನು ಬಿಟ್ಟು.
ವಿಮಲಾಕ್ಷಮ್ಮ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ
ಗಾಳಿಯಲ್ಲಿ ಒಂದು ನೋಟು ಎಳೆದು ಹಾಕಿದರು:
"ಹದಿಮೂರು."

ಅಷ್ಟರಲ್ಲಿ ವಾಕಿಟಾಕಿ ಗೊರಗೊರ ಅಂತು.
"ಬಾಲ, ಬಾಲ, ಯಾರಿಗಾದರೂ ಆಗ್ತಿಲ್ವಾ?
ವ್ಯಾನು ಕಳಿಸಲಾ?"
ಅವರು ನನ್ನ ಮುಖ ನೋಡಲಿಲ್ಲ,
ರಸ್ತೆ ನೋಡುತ್ತಿದ್ದರು, ಉಳಿದ ಆರು ಕಿಲೋಮೀಟರನ್ನು.
ನಾನು ಬಗ್ಗಿ, ನನ್ನ ಹಿಂದಿನ ಚಕ್ರದ ವಾಲ್ವು ಒತ್ತಿದೆ.
ಉಸ್ಸಂತ ಹೋಯಿತು ಗಾಳಿ.
"ವ್ಯಾನು ಬೇಡ ಮೇಡಂ. ಪಂಕ್ಚರು. ನನ್ನದೇ.
ಅರ್ಧ ಗಂಟೆ ಹಿಡಿಯುತ್ತೆ."

ಈರದಿಮ್ಮಣ್ಣ ಪಂಚೆಯ ಮಡಿಲು ಬಿಚ್ಚಿ
ಹುರಿದ ಕಡಲೆಕಾಯಿ ಸುರಿದ.
ಕುರಿಯೊಂದನ್ನು ಕೋಲಿನಿಂದ ಸರಿಸಿ
ಬೇಲಿಯಂಚಿನಲ್ಲಿ
ಇಬ್ಬರು ಕೂರುವಷ್ಟು ನೆರಳು ಮಾಡಿಕೊಟ್ಟ.